ಗಂಟೆಯ ಕೂಲಿ, ಹಾಜರಿ ಬೋನಸ್ಸು, ಕನಿಷ್ಠ ವೇತನ

(ನಮ್ಮ ಊರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಕಾರ್ಮಿಕರ ಸಭೆಯಲ್ಲಿ ಕಳೆದ ಭಾನುವಾರ ಸಂಜೆ ಮಾಡಿದ ಭಾಷಣ)



ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇನೆ. ಮೊನ್ನೆ ಕಾರ್ಖಾನೆಯ ಗೇಟಿನ ಹತ್ತಿರ ನೀವು ನನ್ನನ್ನು ನಿಲ್ಲಿಸಿ ಆಡಳಿತದವರು ಅಂಟಿಸಿದ ನೋಟಿಸು ತೋರಿಸಿದಿರಿ. "ಮೇಷ್ಟ್ರೆ, ಇದು ಕನಿಷ್ಠ ವೇತನದ ಕಾನೂನಿಗೆ ವಿರುದ್ಧ ಹೌದೋ ಅಲ್ಲವೋ, ಒಂದು ಮಾತಿನಲ್ಲಿ ಹೇಳಿ" ಎಂದಿರಿ. ನಾನು ನೋಟಿಸನ್ನು ಪೂರ್ತಿ ಓದದೆಯೇ "ಖಂಡಿತ ವಿರುದ್ಧ" ಎಂದುಬಿಟ್ಟೆ. ನೀವು ಚಪ್ಪಾಳೆ ತಟ್ಟಿದಿರಿ. ಆ ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದಾಗ ನನ್ನ ಮಾತಿನಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದು ಗೊತ್ತಾಯಿತು. ಏಳೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಕಪ್ಪು ಹಲಗೆಯ ಮೇಲೆ ತಪ್ಪು ಲೆಕ್ಕ ಬರೆದ ಮೇಷ್ಟ್ರು ಅದನ್ನು ಮಕ್ಕಳ ಎದುರಿಗೇ ಅಳಿಸಿ ತಿದ್ದಬೇಕು. ಅದಕ್ಕೇ ಇಂದು ನಿಮ್ಮ ಎದುರಿಗೆ ನಿಂತಿದ್ದೇನೆ.

ಇದೇನು ಮಹಾ ತಪ್ಪು, ಹುಮ್ಮಸ್ಸಿನಲ್ಲಿ ಆಡಿದ ಮಾತಲ್ಲವೆ ಎಂದು ನೀವು ಕೇಳಬಹುದು. ತಪ್ಪು ಕಾನೂನು ಹಿಡಿದು ಅರ್ಜಿ ಕೊಟ್ಟರೆ ಅರ್ಜಿ ವಜಾ ಆಗುತ್ತದೆ. ವಜಾ ಆದ ಆಜ್ಞೆಯನ್ನು ಆಡಳಿತದವರು ಅದೇ ಗೋಡೆಗೆ ಅಂಟಿಸಿ, "ನೋಡಿ, ಸರ್ಕಾರದ ಅಧಿಕಾರಿಯೇ ನಮ್ಮದು ಸರಿ ಎಂದಿದ್ದಾರೆ" ಎನ್ನುತ್ತಾರೆ. ಆಗ ಮುಂದೆ ಬಂದು ಸಹಿ ಹಾಕಿದ ಹತ್ತು ಮಂದಿಯ ಮೇಲೆ ಮೇಲ್ವಿಚಾರಕರ ಕಣ್ಣು ಬೀಳುತ್ತದೆ. ನಷ್ಟ ಭಾಷಣ ಮಾಡಿದವನಿಗಲ್ಲ, ನಿಮಗೆ. ನಾನು ಮೆಟ್ರಿಕ್ ಓದಿದವನು, ವಕೀಲನಲ್ಲ. ಆದರೆ ಕೂಡುವುದು, ಕಳೆಯುವುದು, ಭಾಗಿಸುವುದು ಬರುತ್ತದೆ. ಇಂದು ಬೇಕಾಗಿರುವುದು ಮುಖ್ಯವಾಗಿ ಅಷ್ಟೇ.

ನೋಟಿಸಿನಲ್ಲಿ ನಾಲ್ಕು ಅಂಶಗಳಿವೆ. ಒಂದು, ಹಾಜರಿ ಬೋನಸ್ಸು ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ರದ್ದು. ಎರಡು, ಮೂಲವೇತನ, ತುಟ್ಟಿಭತ್ಯೆ ಎಂದು ಬೇರೆ ಬೇರೆ ತೋರಿಸದೆ ಎಲ್ಲ ಸೇರಿಸಿ ದಿನಕ್ಕೆ ಒಂದೇ ಮೊತ್ತ. ಮೂರು, ಇನ್ನು ಮುಂದೆ ಗಂಟೆ ಲೆಕ್ಕ, ಯಂತ್ರ ಓಡಿದ ಗಂಟೆಗೆ ಮಾತ್ರ ಕೂಲಿ. ನಾಲ್ಕು, ವರ್ಷದ ಬೋನಸ್ಸು ಈ ಮೊತ್ತದಲ್ಲಿಯೇ ಸೇರಿದೆ. ಇದನ್ನು ಬರೆದವನು ಬುದ್ಧಿವಂತ. ಮೊದಲ ಎರಡನ್ನು ಓದಿ ಸಿಟ್ಟಿಗೆದ್ದವರು ಕೊನೆಯ ಎರಡನ್ನು ಓದುವುದಿಲ್ಲವೆಂದು ಅವನಿಗೆ ಗೊತ್ತು. ನಾನೂ ಓದಲಿಲ್ಲ.

ನಿಮ್ಮಲ್ಲಿ ಒಬ್ಬೊಬ್ಬರ ದರ್ಜೆ ಒಂದೊಂದು, ಚೀಟಿಯ ಅಂಕಿಯೂ ಬೇರೆ ಬೇರೆ. ಆದುದರಿಂದ ಎಲ್ಲರಿಗೂ ಅರ್ಥವಾಗುವಂತೆ ಸರಳವಾದ ಅಂಕಿ ಇಟ್ಟುಕೊಳ್ಳೋಣ. ಒಂದು ದರ್ಜೆಗೆ ತುಟ್ಟಿಭತ್ಯೆಯೂ ಸೇರಿ ದಿನಕ್ಕೆ 480 ರೂಪಾಯಿ ಕನಿಷ್ಠ ದರವೆಂದು ಭಾವಿಸಿ. ದಿನಕ್ಕೆ 8 ಗಂಟೆ, ಗಂಟೆಗೆ 60 ರೂಪಾಯಿ. ಇದುವರೆಗೆ ಕಾರ್ಖಾನೆ ಕೊಡುತ್ತಿದ್ದುದು ಮೂಲವೇತನ, ತುಟ್ಟಿಭತ್ಯೆ ಸೇರಿ 460, ಹಾಜರಿ ಬೋನಸ್ಸು 40, ಒಟ್ಟು 500. ಹೊಸ ನೋಟಿಸಿನ ಪ್ರಕಾರ ಎಲ್ಲ ಸೇರಿ 485. ಕೈಗೆ ಬರುವುದರಲ್ಲಿ ದಿನಕ್ಕೆ 15 ರೂಪಾಯಿ ಖೋತಾ, 26 ದಿನಕ್ಕೆ 390. ಸಿಟ್ಟು ಬರುವುದು ನ್ಯಾಯವೇ. ಆದರೆ ಕನಿಷ್ಠ ವೇತನದ ಕಾನೂನು ಎಲ್ಲಿ ಮುರಿಯಿತು? ನಾನು ಹೊಸ ನೋಟಿಸಿನಲ್ಲಿ ಎಂದೆ. ಮೊದಲು ಮುರಿದದ್ದು ಹಳೆಯ ಪದ್ಧತಿಯಲ್ಲಿ.

ಹೇಗೆ ಎಂದರೆ, ಕನಿಷ್ಠ ದರ 480. ಕೆಲಸಕ್ಕೆಂದು ಅವರು ಕೊಟ್ಟ ಕೂಲಿ 460. ಉಳಿದ 40 ಹಾಜರಿಗೆ ಕೊಟ್ಟ ಪ್ರೋತ್ಸಾಹ. ಒಂದು ದಿನ ಮಗುವಿಗೆ ಜ್ವರವೆಂದು ಬಾರದಿದ್ದರೆ ಇಡೀ ತಿಂಗಳ ಹಾಜರಿ ಬೋನಸ್ಸು ಹೋಗುತ್ತಿತ್ತಲ್ಲ, ಅಂಥ ಹಣ ನೆಲಗಟ್ಟು ಹೇಗಾದೀತು? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ ತೀರ್ಮಾನವಾಗಿದೆ. ಮ್ಯಾಂಗನೀಸ್ ಓರ್ ಕಂಪನಿಯ ಗಣಿ ಕಾರ್ಮಿಕರು ಹೂಡಿದ ಮೊಕದ್ದಮೆ ಅದು. ತೀರ್ಪು 1991ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಕಂಪನಿಯವರು, "ನಾವು ಅಗ್ಗದ ದರದಲ್ಲಿ ಧಾನ್ಯ ಕೊಡುತ್ತೇವೆ, ಹಾಜರಿ ಬೋನಸ್ಸು ಕೊಡುತ್ತೇವೆ, ಅವನ್ನೂ ಸೇರಿಸಿಕೊಂಡರೆ ಕನಿಷ್ಠ ವೇತನ ಮುಟ್ಟುತ್ತದೆ" ಎಂದು ವಾದಿಸಿದ್ದರು. ಕೋರ್ಟು ಒಪ್ಪಲಿಲ್ಲ. ಹಾಜರಿ ಬೋನಸ್ಸು ದಿನ ತಪ್ಪದೆ ಬರಲೆಂದು ಕೊಡುವ ಹೆಚ್ಚಿನ ಹಣ, ಅದನ್ನು ಕನಿಷ್ಠ ವೇತನದ ಹೊಟ್ಟೆಗೆ ತುಂಬುವಂತಿಲ್ಲ ಎಂದಿತು. ಅಂದಮೇಲೆ ಹಳೆಯ ಪದ್ಧತಿಯಲ್ಲಿ ನಮಗೆ ದಿನಕ್ಕೆ 20 ರೂಪಾಯಿ ಕಡಿಮೆ ಬಂದಿದೆ. ತಿಂಗಳಿಗೆ 520, ವರ್ಷಕ್ಕೆ 6,240. ಬೋನಸ್ಸು ಬಂತೆಂದು ಸಂತೋಷಪಡುತ್ತಿದ್ದ ದಿನಗಳಲ್ಲಿಯೇ ನಮ್ಮ ಗಂಟು ಕರಗುತ್ತಿತ್ತು. ಆಗ ಯಾರೂ ಚೀಟಿ ಬಿಚ್ಚಿ ನೋಡಲಿಲ್ಲ. ಸಂಘದವರಾದ ನಾವೂ ನೋಡಲಿಲ್ಲ.

ಈಗ ಮೊದಲ ಅಂಶ, ಹಾಜರಿ ಬೋನಸ್ಸಿನ ರದ್ದು. ಇದು ಮಾತ್ರವೇ ನಡೆದಿದ್ದರೆ ಕನಿಷ್ಠ ವೇತನದ ಕಾನೂನು ನಮ್ಮ ಕೈ ಹಿಡಿಯುವುದಿಲ್ಲ. ಹಾಜರಿ ಬೋನಸ್ಸು ಆ ಕಾನೂನು ಕೊಟ್ಟದ್ದಲ್ಲ. ಕಾರ್ಖಾನೆಯ ರೂಢಿ ಕೊಟ್ಟದ್ದು. ಆದರೆ ರೂಢಿಯಿಂದ ಬಂದದ್ದನ್ನು ಕಿತ್ತುಕೊಳ್ಳುವುದಕ್ಕೂ ಒಂದು ದಾರಿ ಇದೆ. 1947ರ ಕೈಗಾರಿಕಾ ವಿವಾದಗಳ ಕಾನೂನಿನಲ್ಲಿ 9ಎ ಎಂಬ ಕಲಮು ಇತ್ತು: ಕೂಲಿ, ಭತ್ಯೆ, ಕೆಲಸದ ಗಂಟೆ, ರೂಢಿಯ ಸವಲತ್ತು ಇವುಗಳನ್ನು ಕಾರ್ಮಿಕನಿಗೆ ಬಾಧಕವಾಗುವಂತೆ ಬದಲಾಯಿಸಬೇಕಾದರೆ ಕ್ರಮವಾಗಿ ನೋಟಿಸು ಕೊಡಬೇಕು, ಕೊಟ್ಟ 21 ದಿನದೊಳಗೆ ಬದಲಾವಣೆ ಜಾರಿ ಮಾಡಬಾರದು. ಆ ಕಾನೂನು ಹೋಗಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರ 40ನೆಯ ಕಲಮಿನಲ್ಲಿ ಈ ನಿಯಮ ಉಳಿದಿದೆ. ನಮ್ಮ ಗೋಡೆಯ ಮೇಲಿನ ನೋಟಿಸು 24ನೆಯ ತಾರೀಖಿನದು. ಜಾರಿ ಒಂದನೆಯ ತಾರೀಖು. 21 ದಿನ ಎಲ್ಲಿ ಬಂತು? ಆದುದರಿಂದ ಈ ಅಂಶವನ್ನು ಹಿಡಿಯಬೇಕಾದದ್ದು ವೇತನದ ಅಧಿಕಾರಿಯ ಮುಂದೆ ಅಲ್ಲ, ರಾಜಿ ಅಧಿಕಾರಿಯ ಮುಂದೆ. ವಿವಾದ ರಾಜಿಯಲ್ಲಿರುವಾಗ ಅದೇ ವಿಷಯದಲ್ಲಿ ಷರತ್ತುಗಳನ್ನು ಕಾರ್ಮಿಕರಿಗೆ ಬಾಧಕವಾಗುವಂತೆ ಅನುಮತಿ ಇಲ್ಲದೆ ಬದಲಾಯಿಸುವಂತಿಲ್ಲ. ಇದು ದೊಡ್ಡ ಆಸರೆ.

ಎರಡನೆಯ ಅಂಶ, ಎಲ್ಲ ಸೇರಿಸಿ ಒಂದೇ ಮೊತ್ತ. ಇಲ್ಲಿ ನಮಗೆ ಕಹಿಯಾದ ಒಂದು ತೀರ್ಪು ಇದೆ, ಮುಚ್ಚಿಡುವುದಿಲ್ಲ. 1999ರಲ್ಲಿ ಏರ್‌ಫ್ರೈಟ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿತು: ತುಟ್ಟಿಭತ್ಯೆ ಕನಿಷ್ಠ ವೇತನದ ಒಂದು ಭಾಗವೇ, ಮಾಲೀಕನು ಕೊಡುವ ಒಟ್ಟು ವೇತನ ತುಟ್ಟಿಭತ್ಯೆ ಸೇರಿದ ಕನಿಷ್ಠ ದರಕ್ಕಿಂತ ಹೆಚ್ಚಿದ್ದರೆ ತುಟ್ಟಿಭತ್ಯೆಯನ್ನು ಬೇರೆಯಾಗಿ ಕೇಳುವಂತಿಲ್ಲ. ಅಂದರೆ ನಿಜವಾಗಿ ಕೂಲಿಯೇ 485 ಆಗಿ, ದರ 480 ಆಗಿದ್ದರೆ, ಒಂದೇ ಸಾಲಿನಲ್ಲಿ ಬರೆದ ಮಾತ್ರಕ್ಕೆ ಅಪರಾಧವಿಲ್ಲ. ಗೇಟಿನಲ್ಲಿ ನಾನು ಹೇಳಿದ್ದು ತಪ್ಪಾದದ್ದು ಇಲ್ಲಿಯೇ.

ಆದರೆ ಆ 5 ರೂಪಾಯಿಯ ಹೆಚ್ಚಳವನ್ನು ನಂಬಿ ಮಲಗಬೇಡಿ. ನಮ್ಮ ರಾಜ್ಯದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ. ದರ 480ರಿಂದ 490 ಆದ ದಿನ 485 ಸಾಲದು. ಒಂದೇ ಮೊತ್ತದಲ್ಲಿ ಬರೆದಾಗ ಏರಿದ್ದು, ಏರದಿದ್ದದ್ದು ಕಣ್ಣಿಗೆ ಕಾಣುವುದಿಲ್ಲ. 2020ರಲ್ಲಿ ಏನಾಯಿತೆಂದು ಬೆಂಗಳೂರಿನ ಕಡೆ ದುಡಿದ ಅಕ್ಕಂದಿರಿಗೆ ನೆನಪಿರಬಹುದು. ಆ ಏಪ್ರಿಲಿನಲ್ಲಿ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ ಏರಬೇಕಿತ್ತು. ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರ ಕೊರೋನಾದ ಹೆಸರು ಹೇಳಿ ಅದನ್ನು ಮುಂದಕ್ಕೆ ಹಾಕಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ತಡೆ ಬಂದ ಮೇಲೂ ಬಹುಪಾಲು ಉಡುಪಿನ ಕಾರ್ಖಾನೆಗಳು ಹಣ ಬಿಚ್ಚಲಿಲ್ಲ. 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಕಾದರು. ಸಂಘಗಳು ಬಿಡದೆ ಕೂಗಿ, ಬಟ್ಟೆ ಕೊಳ್ಳುವ ಪರದೇಶದ ಕಂಪನಿಗಳ ತನಕ ದೂರು ಮುಟ್ಟಿಸಿದ ಮೇಲೆ 2022ರಲ್ಲಿ ಬಾಕಿ ಕೈಗೆ ಬರತೊಡಗಿತು. ದಿನಕ್ಕೆ ಹಂಚಿದರೆ 16 ರೂಪಾಯಿ. ಅಷ್ಟು ಚಿಕ್ಕದೆಂದೇ ಮುಟ್ಟಲು ಧೈರ್ಯ ಬಂತು. ಹದಿನಾರನ್ನು ನಾಲ್ಕು ಲಕ್ಷದಿಂದ ಗುಣಿಸಿ ನೋಡಿ: ದಿನಕ್ಕೆ 64 ಲಕ್ಷ.

ಮೂರನೆಯ ಅಂಶಕ್ಕೆ ಬರೋಣ. ಯಂತ್ರ ಓಡಿದ ಗಂಟೆಗೆ ಮಾತ್ರ ಕೂಲಿ. ಇಲ್ಲಿ ನಾನು ಗೇಟಿನಲ್ಲಿ ಹೇಳಿದ ಮಾತು ಪೂರ್ತಿ ಸರಿ. ಗಂಟೆ ಲೆಕ್ಕ ಹಾಕುವುದೇ ತಪ್ಪಲ್ಲ, ಕಾನೂನು ಗಂಟೆಗೂ ದಿನಕ್ಕೂ ತಿಂಗಳಿಗೂ ದರ ಗೊತ್ತುಮಾಡಲು ಅವಕಾಶ ಕೊಟ್ಟಿದೆ. ಆದರೆ ದಿನದ ದರದ ಮೇಲೆ ಕೆಲಸಕ್ಕೆ ಕರೆಸಿ, ನೀವು ಬಂದು ಕುಳಿತ ಮೇಲೆ ಕರೆಂಟು ಹೋಯಿತು, ಬಟ್ಟೆ ಬರಲಿಲ್ಲ ಎಂದು ಎರಡು ಗಂಟೆ ಕತ್ತರಿಸುವಂತಿಲ್ಲ. ನೀವು ಕೆಲಸ ಮಾಡಲು ಒಲ್ಲೆ ಎಂದಿದ್ದರೆ ಬೇರೆ ಮಾತು. ಕೆಲಸ ಕೊಡಲಾರದ್ದು ಮಾಲೀಕನಾದರೆ ಪೂರ್ತಿ ದಿನದ ಕೂಲಿ ಕೊಡಬೇಕು. ಇದು 1948ರ ಕಾನೂನಿನ 15ನೆಯ ಕಲಮಿನಲ್ಲಿತ್ತು, ಹೊಸ ವೇತನ ಸಂಹಿತೆಯ 10ನೆಯ ಕಲಮಿನಲ್ಲಿದೆ. ಲೆಕ್ಕ ನೋಡಿ: 485ರಲ್ಲಿ 6 ಗಂಟೆಗೆ ಮಾತ್ರ ಕೊಟ್ಟರೆ 363 ರೂಪಾಯಿ 75 ಪೈಸೆ. ದರ 480. ಕೊರತೆ 116 ರೂಪಾಯಿ 25 ಪೈಸೆ. ಕರೆಂಟು ಹೋಗುವ ನಷ್ಟವನ್ನು ಮಾಲೀಕ ತನ್ನ ಲಾಭದಿಂದ ತೆರಬೇಕೇ ಹೊರತು ನಿಮ್ಮ ಮಕ್ಕಳ ಅನ್ನದಿಂದಲ್ಲ. ಟಾರ್ಗೆಟ್ಟು ಮುಗಿಯಲಿಲ್ಲ ಎಂದು ಕತ್ತರಿಸುವುದಕ್ಕೂ ಇದೇ ಉತ್ತರ. ಪೀಸಿನ ಲೆಕ್ಕದಲ್ಲಿ ದುಡಿಯುವವನಿಗೂ, ಅವನಿಗೆ ಕಾಲದ ದರ ಮಾತ್ರ ಗೊತ್ತಾಗಿದ್ದರೆ, ಆ ದರಕ್ಕಿಂತ ಕಡಿಮೆ ಕೊಡಬಾರದು. ಇನ್ನು ಹೊತ್ತು ಮೀರಿ ದುಡಿಸಿದರೆ ಆ ಗಂಟೆಗಳಿಗೆ ಇಮ್ಮಡಿ. ಇವತ್ತು ಎರಡು ಗಂಟೆ ಕಳೆದು, ಭಾನುವಾರ ಬಂದು ತುಂಬಿಕೊಡಿ ಎನ್ನುವುದು ಎರಡು ಕಡೆಯೂ ಮೋಸ.

ನಾಲ್ಕನೆಯ ಅಂಶ ಎಲ್ಲಕ್ಕಿಂತ ಚಿಕ್ಕ ಅಕ್ಷರದಲ್ಲಿದೆ, ಎಲ್ಲಕ್ಕಿಂತ ದೊಡ್ಡ ಮೋಸವೂ ಅದೇ. ವರ್ಷದ ಬೋನಸ್ಸು ಇದರಲ್ಲಿ ಸೇರಿದೆ ಎನ್ನುತ್ತಾರೆ. ಹಾಜರಿ ಬೋನಸ್ಸು ರೂಢಿಯದು ಎಂದೆನಲ್ಲ, ವರ್ಷದ ಬೋನಸ್ಸು ಹಾಗಲ್ಲ. 1965ರ ಬೋನಸ್ ಕಾನೂನಿನಿಂದ ಬಂದ ಹಕ್ಕು ಅದು, ಈಗ ವೇತನ ಸಂಹಿತೆಯೊಳಗಿದೆ. ಸರ್ಕಾರ ಗೊತ್ತುಮಾಡಿದ ಸಂಬಳದ ಮಿತಿಯೊಳಗಿದ್ದು, ವರ್ಷದಲ್ಲಿ 30 ದಿನ ದುಡಿದವನಿಗೆ ಕಡಿಮೆಯೆಂದರೆ ನೂರಕ್ಕೆ 8.33, ಹೆಚ್ಚೆಂದರೆ ನೂರಕ್ಕೆ 20. ಈಗ 485ರಲ್ಲಿ ಆ 8.33 ಸೇರಿದೆ ಎಂದು ಅವರ ಮಾತನ್ನೇ ಒಪ್ಪೋಣ. ಬೋನಸ್ಸು ತೆಗೆದರೆ ನಿಜವಾದ ಕೂಲಿ ಎಷ್ಟು? 447 ರೂಪಾಯಿ 70 ಪೈಸೆ. ಹಳೆಯ 460ಕ್ಕಿಂತಲೂ ಕಡಿಮೆ, ಕನಿಷ್ಠ ದರಕ್ಕಿಂತ 32 ರೂಪಾಯಿ 30 ಪೈಸೆ ಕಡಿಮೆ! ಹಾಗಾದರೆ ಕೂಲಿಯೇ 485 ಎನ್ನಲಿ. ಆಗ ಬೋನಸ್ಸು ಕೊಟ್ಟಿಲ್ಲವೆಂದಾಯಿತು. ಎರಡರಲ್ಲಿ ಒಂದನ್ನು ಅವರು ಒಪ್ಪಲೇಬೇಕು. ಒಂದೇ ರೊಟ್ಟಿಯನ್ನು ಬೆಳಿಗ್ಗೆ ಕೂಲಿಯೆಂದು, ಸಂಜೆ ಬೋನಸ್ಸೆಂದು ಎರಡು ಸಲ ಬಡಿಸಲು ಬರುವುದಿಲ್ಲ.

ಸಂಗಾತಿಗಳೆ, ಇದರಲ್ಲಿ ಹೊಸದೇನೂ ಇಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಒಡೆಯರು ಗೇಣಿ ಹೆಚ್ಚಿಸಿದೆವೆಂದು ಬಾಯಿಂದ ಹೇಳಲಿಲ್ಲ. ಕೊಳಗ ದೊಡ್ಡದಾಗಿತ್ತು, ಅಷ್ಟೆ. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ರೈತರು ಕೇಳಿದ್ದು ಸರಿಯಾದ ಅಳತೆಯನ್ನು. ಆ ಸಣ್ಣ ಪ್ರಶ್ನೆ ಮುಂದೆ ಉಳುವವನೇ ಹೊಲದೊಡೆಯ ಎಂಬ ದೊಡ್ಡ ಪ್ರಶ್ನೆಯಾಯಿತು, ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಇಂದು ನಮ್ಮ ಕಾರ್ಖಾನೆಯಲ್ಲಿ ನಡೆದಿರುವುದು ಅದೇ ಕೊಳಗದ ಆಟ. ಕೂಲಿ ಇಳಿಸಿದೆವೆಂದು ಯಾರೂ ಹೇಳುತ್ತಿಲ್ಲ. ಗಂಟೆಯ ಅಳತೆ ಬದಲಾಗಿದೆ, ಬೋನಸ್ಸಿನ ಹೆಸರು ಬದಲಾಗಿದೆ.

ಇಷ್ಟೆಲ್ಲ ಕೊಟ್ಟರೆ ಕಾರ್ಖಾನೆ ಮುಚ್ಚಬೇಕಾದೀತು ಎಂದು ಮೇಲ್ವಿಚಾರಕರು ಹೆದರಿಸುತ್ತಾರಂತೆ. ಅದಕ್ಕೂ ಉತ್ತರವಿದೆ. ಕಾರ್ಮಿಕನಿಗೆ ಬರಿಯ ಕನಿಷ್ಠ ವೇತನವನ್ನೂ ಕೊಡಲಾರದ ಉದ್ಯಮಕ್ಕೆ ಇರುವ ಹಕ್ಕೇ ಇಲ್ಲವೆಂದು ಸುಪ್ರೀಂ ಕೋರ್ಟು 1958ರಲ್ಲಿ, ಕ್ರೌನ್ ಅಲ್ಯೂಮಿನಿಯಂ ಮೊಕದ್ದಮೆಯಲ್ಲಿ ಹೇಳಿದೆ. ಕನಿಷ್ಠವೆಂದರೆ ಏನೆಂದು ಅದರ ಹಿಂದಿನ ವರ್ಷವೇ, 1957ರ 15ನೆಯ ಭಾರತ ಕಾರ್ಮಿಕ ಸಮ್ಮೇಳನದಲ್ಲಿ, ಮಾಲೀಕರೂ ಕುಳಿತು ಒಪ್ಪಿದ್ದರು: ದುಡಿಯುವವನನ್ನೂ ಸೇರಿಸಿ ಸಂಸಾರಕ್ಕೆ ಮೂರು ಪಾಲು, ಪಾಲಿಗೆ 2,700 ಕ್ಯಾಲೊರಿ ಆಹಾರ, ನಾಲ್ಕು ಜನಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪದ ಖರ್ಚು. ದಿನಕ್ಕೆ ನೂರಾರು ಅಂಗಿ ಹೊಲಿಯುವ ಕೈಗಳಿಗೆ ವರ್ಷಕ್ಕೆ ಇಷ್ಟು ಗಜ ಬಟ್ಟೆ ಸಿಗಲಿ ಎನ್ನುವುದು ದುರಾಸೆಯಲ್ಲ.

ಇನ್ನು ಕಾನೂನಿನ ಈಗಿನ ಸ್ಥಿತಿಯನ್ನು ತಿಳಿದುಕೊಳ್ಳಿ. 1948ರ ಕನಿಷ್ಠ ವೇತನ ಕಾನೂನು ಈಗ ಜಾರಿಯಲ್ಲಿಲ್ಲ. ಅದನ್ನೂ ಬೋನಸ್ ಕಾನೂನನ್ನೂ ಇನ್ನೆರಡು ಕಾನೂನುಗಳನ್ನೂ ಸೇರಿಸಿ ಮಾಡಿದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಹಳೆಯ ತೀರ್ಪುಗಳು ಹಳೆಯ ಕಾನೂನಿನ ಮೇಲಿನವು ಎಂದು ಎದುರು ವಕೀಲರು ಹೇಳಿಯೇ ಹೇಳುತ್ತಾರೆ. ಆದರೆ ಹೊಸ ಸಂಹಿತೆಯೂ ವೇತನವೆಂದರೆ ಮುಖ್ಯವಾಗಿ ಮೂಲವೇತನ, ತುಟ್ಟಿಭತ್ಯೆ ಎಂದು ಎಣಿಸಿ, ಕಾನೂನಿನ ಬೋನಸ್ಸು, ಪ್ರಯಾಣ ಭತ್ಯೆ, ಮನೆ ಬಾಡಿಗೆ ಭತ್ಯೆ, ಓವರ್‌ಟೈಮ್ ಹಣ ಇವನ್ನು ಹೊರಗಿಟ್ಟಿದೆ. ಹೊರಗಿಟ್ಟವು ಒಟ್ಟಿನ ಅರ್ಧ ಮೀರಿದರೆ ಮೀರಿದ್ದನ್ನು ವೇತನವೆಂದೇ ಎಣಿಸಬೇಕೆಂದಿದೆ. ಬಾಕಿ ಕೇಳಲು ಹಳೆಯ ಕಾನೂನಿನಲ್ಲಿ ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಹಳೆಯ ಕಾಲದ ಬಾಕಿಗೆ ಯಾವ ಗಡುವು ಎಂದು ವಾದ ಎದ್ದೇ ಏಳುತ್ತದೆ, ಆದುದರಿಂದ ತಡಮಾಡುವಂತಿಲ್ಲ. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅಧಿಕಾರಿಗಿದೆ. ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಆದರೆ ಮೊದಲ ಸಲದ ತಪ್ಪಿಗೆ ಮೊಕದ್ದಮೆ ಹೂಡುವ ಮುಂಚೆ ತಿದ್ದಿಕೊಳ್ಳಲು ಮಾಲೀಕನಿಗೆ ಅವಕಾಶ ಕೊಡಬೇಕೆಂದೂ ಹೊಸ ಸಂಹಿತೆ ಹೇಳುತ್ತದೆ. ಕಳ್ಳತನ ಮಾಡಿದ ಬಡವನಿಗೆ ಇಂಥ ದಯೆ ಯಾವ ಕಾನೂನಿನಲ್ಲೂ ಇಲ್ಲ.

"ನಾವು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಬಿಟ್ಟೆವು, ಇನ್ನೇನು ಗತಿ?" ಎಂದು ನಿನ್ನೆ ಒಬ್ಬ ತಂಗಿ ಅತ್ತಳು. ಅಳಬೇಡಮ್ಮ. ನಾನೂ ಹಾಗೆ ಸಹಿ ಹಾಕಿದವನೇ. ಮೇಷ್ಟ್ರಾಗಿದ್ದಾಗ ಒಂದು ಖಾಸಗಿ ಶಾಲೆಯಲ್ಲಿ ತಿಂಗಳು ತಿಂಗಳೂ ಪುಸ್ತಕದಲ್ಲಿ ಬರೆದ ಮೊತ್ತಕ್ಕೆ ಸಹಿ ಹಾಕಿ, ಅದಕ್ಕಿಂತ ಕಡಿಮೆ ಹಣ ಎಣಿಸಿಕೊಂಡು ಬರುತ್ತಿದ್ದೆ. ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿ, ಸಂಜೆ ಸುಳ್ಳಿಗೆ ಸಹಿ ಹಾಕುತ್ತಿದ್ದೆ. ಆ ನಾಚಿಕೆಯೇ ನನ್ನನ್ನು ಈ ಕೆಲಸಕ್ಕೆ ತಂದದ್ದು. ಈ ಕಾನೂನಿನಿಂದ ಬರಬೇಕಾದ ಹಣವನ್ನೂ ಬೋನಸ್ಸನ್ನೂ ಕಾರ್ಮಿಕ ಬಿಟ್ಟುಕೊಡುವ ಯಾವ ಕರಾರೂ ಶೂನ್ಯವೆಂದು 1948ರ ಕಾನೂನಿನ ಹಾಗೆಯೇ ಹೊಸ ಸಂಹಿತೆಯೂ ಹೇಳುತ್ತದೆ. ಹೆದರಿಸಿ ಪಡೆದ ಸಹಿಯಿಂದ ಕನಿಷ್ಠ ವೇತನ ಕಳೆದುಹೋಗುವುದಿಲ್ಲ.

ಈಗ ನಾವು ಮಾಡಬೇಕಾದದ್ದು ಮೂರು ಕೆಲಸ. ಬಾಕಿ 20 ರೂಪಾಯಿಗೆ, ಕತ್ತರಿಸುವ ಗಂಟೆಗೆ, ನುಂಗುವ ವರ್ಷದ ಬೋನಸ್ಸಿಗೆ ವೇತನದ ಅಧಿಕಾರಿಯ ಮುಂದೆ ಸಂಘದ ಹೆಸರಿನಲ್ಲಿ ಒಂದು ಅರ್ಜಿ. ಹಾಜರಿ ಬೋನಸ್ಸಿನ ರದ್ದಿಗೆ ರಾಜಿ ಅಧಿಕಾರಿಯ ಮುಂದೆ ಬೇರೆ ಅರ್ಜಿ. ಎರಡನ್ನೂ ಬೆರೆಸಬಾರದು. ಮೂರನೆಯದು ನಿಮ್ಮ ಕೆಲಸ: ಮುಂದಿನ ಭಾನುವಾರ ಪ್ರತಿಯೊಬ್ಬರೂ ಸಿಕ್ಕಷ್ಟು ಹಳೆಯ ಸಂಬಳದ ಚೀಟಿ ತನ್ನಿ. ಚೀಟಿ ಕೊಡದಿದ್ದರೆ ಕೇಳಿ. ಕೊಡಬೇಕಾದದ್ದು ಅವರ ಕರ್ತವ್ಯ. ನಾಳೆಯಿಂದ ಒಂದು ಸಣ್ಣ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು, ಕರೆಂಟು ಹೋದ ಹೊತ್ತು ಬರೆದಿಡಿ. ಬರೆಯಲು ಬಾರದವರು ಪಕ್ಕದವರಿಂದ ಬರೆಸಿ, ಇಲ್ಲವೆ ನನ್ನ ಹತ್ತಿರ ಬನ್ನಿ. ಅಕ್ಷರ ಕಲಿಸುವುದನ್ನು ನಾನಿನ್ನೂ ಮರೆತಿಲ್ಲ.

ಒಂದು ಮಾತಿನಲ್ಲಿ ಹೇಳಿ ಎಂದು ಗೇಟಿನಲ್ಲಿ ಕೇಳಿದಿರಿ. ಒಂದು ಮಾತಿನ ಉತ್ತರ ಇದಕ್ಕಿಲ್ಲ. ಆದರೆ ಮನೆಯಲ್ಲಿ ಕೇಳಿದರೆ ಇಷ್ಟು ಹೇಳಿ: ಎಂಟು ಗಂಟೆಯ ಕೂಲಿ ಬೋನಸ್ಸಿನ ಹಂಗಿಲ್ಲದೆ ಕನಿಷ್ಠ ದರವನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಬೋನಸ್ಸಿನ ಮಾತು. ಮುಂದಿನ ಭಾನುವಾರ ಚೀಟಿಗಳೊಡನೆ ಇಲ್ಲಿಯೇ ಸೇರೋಣ.